ಒಮ್ಮೊಮ್ಮೆ ಮುನಿಯುವ ಪ್ರಿಂಟರ್

ಮನೆಯ ಪ್ರಿಂಟರ್ ಪೂರ್ತಿ ಕೆಟ್ಟು ನಿಂತರೆ ಅದರ ಪರೀಕ್ಷೆ ಸುಲಭ. ಕೆಟ್ಟ ಭಾಗ ಕೆಟ್ಟೇ ಇರುತ್ತದೆ, ಯಾವಾಗ ಹುಡುಕಿದರೂ ಕೈಗೆ ಸಿಗುತ್ತದೆ. ಬೆಳಿಗ್ಗೆ ನೆಟ್ಟಗೆ ಪ್ರಿಂಟ್ ಕೊಟ್ಟು ಸಂಜೆ ಸುಮ್ಮನಾಗುವ, ಎರಡು ಪುಟ ಕೊಟ್ಟು ಮೂರನೆಯದಕ್ಕೆ ನಿಂತುಬಿಡುವ, ರಿಪೇರಿಯವನು ಬಂದ ಕೂಡಲೇ ಏನೂ ಆಗಿಲ್ಲವೆಂಬಂತೆ ನಡೆಯುವ ಪ್ರಿಂಟರ್‌ನ ಕಥೆಯೇ ಬೇರೆ. ಅದರಲ್ಲಿ ಯಾವ ಭಾಗವೂ ಪೂರ್ತಿ ಕೆಟ್ಟಿರುವುದಿಲ್ಲ. ಯಾವುದೋ ಒಂದು ಸನ್ನಿವೇಶ ಕೂಡಿಬಂದಾಗ ಮಾತ್ರ ಕೆಲಸ ತಪ್ಪುತ್ತದೆ. ಆ ಸನ್ನಿವೇಶ ಯಾವುದೆಂದು ಕಂಡುಹಿಡಿಯುವುದೇ ಈ ರಿಪೇರಿಯ ಮುಕ್ಕಾಲು ಪಾಲು.

ಬೆಂಗಳೂರಿನ ಹಳೆಯ ಪೇಟೆಯ ಸುಲ್ತಾನ್‌ಪೇಟೆಯಂಥ ಕಡೆ ಇದು ದಿನಬಳಕೆಯ ತೊಂದರೆ. ಕಾಗದದ ಸಗಟು ಅಂಗಡಿ, ಲಗ್ನಪತ್ರಿಕೆಯ ಅಂಗಡಿ, ಸಣ್ಣಪುಟ್ಟ ಪ್ರೆಸ್ಸುಗಳು ಒತ್ತೊತ್ತಾಗಿರುವ ಈ ಬೀದಿಗಳಲ್ಲಿ ಕೆಳಗೆ ವ್ಯಾಪಾರ, ಮೇಲೆ ಸಂಸಾರ ಎನ್ನುವ ಕಟ್ಟಡಗಳು ಇನ್ನೂ ಇವೆ. ಅಂಥ ಮನೆಯ ಒಂದೇ ಕಂಪ್ಯೂಟರಿನಲ್ಲಿ ಹಗಲು ಜಿಎಸ್‌ಟಿ ಬಿಲ್ಲು, ಸಂಜೆ ಮಕ್ಕಳ ಶಾಲೆಯ ಪ್ರಾಜೆಕ್ಟು, ನಡುವೆ ಯಾರದೋ ಲಗ್ನಪತ್ರಿಕೆಯ ಪ್ರೂಫು. ಸುತ್ತ ಮುದ್ರಣ ಬಲ್ಲವರೇ ಇದ್ದರೂ ಮನೆಯ ಪ್ರಿಂಟರ್ ಕೈಕೊಟ್ಟಾಗ ಅವರ ಅನುಭವ ಅರ್ಧದಷ್ಟೇ ಒದಗುತ್ತದೆ. ಆಫ್‌ಸೆಟ್ ಯಂತ್ರ ನಡೆಸುವವರಿಗೆ ಇಂಕು, ರೋಲರ್, ಕಾಗದ ಮೂರೂ ಕರತಲಾಮಲಕ. ಮನೆಯ ಪ್ರಿಂಟರ್‌ನ ತಾಪತ್ರಯ ಬಹಳ ಸಲ ಕಾಗದ ಮುಟ್ಟುವುದಕ್ಕೆ ಮೊದಲೇ, ಕಂಪ್ಯೂಟರಿನ ಒಳಗೋ ವೈಫೈ ದಾರಿಯಲ್ಲೋ ಹುಟ್ಟಿರುತ್ತದೆ.

ಸನ್ನಿವೇಶ ಎಷ್ಟು ವಿಚಿತ್ರವಾಗಿರಬಹುದು ಎನ್ನುವುದಕ್ಕೆ ಕಂಪ್ಯೂಟರ್ ಬಲ್ಲವರ ನಡುವೆ ಹೆಸರಾದ ಒಂದು ಪ್ರಸಂಗವಿದೆ. 2008-09ರ ಸುಮಾರಿನಲ್ಲಿ ಉಬುಂಟು ಎಂಬ ಲಿನಕ್ಸ್ ವ್ಯವಸ್ಥೆ ಬಳಸುತ್ತಿದ್ದ ಕೆಲವರಿಗೆ ಓಪನ್‌ಆಫೀಸ್ ಎಂಬ ಪ್ರೋಗ್ರಾಮಿನಿಂದ ಪ್ರಿಂಟ್ ಬರುವುದು ಆಗಾಗ ನಿಂತುಹೋಗುತ್ತಿತ್ತು. ಮರುದಿನ ತಾನೇ ಸರಿಹೋಗುತ್ತಿತ್ತು. ಅವರಲ್ಲೊಬ್ಬರ ಹೆಂಡತಿ ಈ ಪ್ರಿಂಟರ್ ಮಂಗಳವಾರ ಮಾತ್ರ ಕೆಲಸ ಮಾಡುವುದಿಲ್ಲ ಎಂದರು. ನಗೆಯಾಡಿದವರೂ ಕೊನೆಗೆ ಒಪ್ಪಬೇಕಾಯಿತು. ಪ್ರಿಂಟರ್‌ಗೆ ಹೋಗುವ ಕಡತದ ಮೊದಲ ಸಾಲುಗಳಲ್ಲಿ ಅದನ್ನು ಸಿದ್ಧಪಡಿಸಿದ ವಾರ, ತಾರೀಖು ಬರೆದಿರುತ್ತದೆ. ಕಡತ ಯಾವ ಜಾತಿಯದೆಂದು ಗುರುತಿಸುವ ಒಂದು ಸಣ್ಣ ಪ್ರೋಗ್ರಾಮಿನ ಪಟ್ಟಿಯಲ್ಲಿ, ಎರ್ಲಾಂಗ್ ಎಂಬ ಪ್ರೋಗ್ರಾಮಿಂಗ್ ಭಾಷೆಯ ಒಂದು ಬಗೆಯ ಕಡತದ ಗುರುತಾಗಿ 1991ರ ಜನವರಿ 22, ಮಂಗಳವಾರದ ತಾರೀಖನ್ನು ಕೊಟ್ಟಿತ್ತು. ಆ ಸಾಲು ಬರೆದದ್ದರಲ್ಲಿ ಸಣ್ಣ ತಪ್ಪಾಗಿ, ಪೂರ್ತಿ ತಾರೀಖಿನ ಬದಲು ಮಂಗಳವಾರ ಎನ್ನುವ ಹೆಸರೊಂದೇ ಹೊಂದಿದರೂ ಸಾಕು ಎಂದಾಗಿತ್ತು. ಹಾಗಾಗಿ ಮಂಗಳವಾರ ಕಳಿಸಿದ ಕಡತವೆಲ್ಲ ಎರ್ಲಾಂಗ್ ಕಡತವೆಂದೇ ಲೆಕ್ಕ. ಇದು ಪ್ರಿಂಟ್ ಮಾಡುವಂಥದ್ದಲ್ಲ ಎಂದು ಮುಂದಿನ ಹಂತ ಅದನ್ನು ಕೈಬಿಡುತ್ತಿತ್ತು. ಮಂಗಳವಾರ ಹೊಸ ಕೆಲಸ ಬೇಡವೆನ್ನುವ ನಮ್ಮ ಕಡೆಯ ಹಿರಿಯರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದಿರಬಹುದು. ಆದರೆ ಕಾರಣ ಸಿಕ್ಕಿದ್ದು ಯಂತ್ರ ಬಿಚ್ಚಿದ್ದರಿಂದಲ್ಲ, ಯಾವ ದಿನ ತಪ್ಪುತ್ತದೆಂದು ಯಾರೋ ಗಮನವಿಟ್ಟು ನೋಡಿದ್ದರಿಂದ.

ಆದ್ದರಿಂದ ಮೊದಲ ಉಪಕರಣ ಪೆನ್ನು ಮತ್ತು ಒಂದು ಚೀಟಿ. ಪ್ರಿಂಟ್ ತಪ್ಪಿದಾಗಲೆಲ್ಲ ಹೊತ್ತು ಎಷ್ಟು, ಕಳಿಸಿದ್ದು ಯಾವ ಕಡತ, ಯಾವ ಪ್ರೋಗ್ರಾಮಿನಿಂದ, ಕಂಪ್ಯೂಟರಿನಿಂದಲೋ ಫೋನಿನಿಂದಲೋ, ಪ್ರಿಂಟರ್ ಅದಕ್ಕೆ ಮೊದಲು ಎಷ್ಟು ಹೊತ್ತು ಸುಮ್ಮನಿತ್ತು, ಯಾವ ದೀಪ ಮಿನುಗಿತು ಎಂದು ಬರೆದಿಡಬೇಕು. ಸರಿಯಾಗಿ ಬಂದ ಸಲದ ವಿವರವೂ ಅಷ್ಟೇ ಮುಖ್ಯ. ನಾಲ್ಕೈದು ಸಲದ ವಿವರ ಒಟ್ಟಿಗೆ ಕಂಡರೆ ಎರಡು ಗುಂಪಿನ ವ್ಯತ್ಯಾಸ ಸಾಮಾನ್ಯವಾಗಿ ತಾನಾಗಿಯೇ ಎದ್ದುಕಾಣುತ್ತದೆ. ಇದಕ್ಕೆ ತಾಳ್ಮೆಯಿಲ್ಲದೆ ಕೇಬಲ್ಲು, ಕಾರ್ಟ್ರಿಡ್ಜು, ಡ್ರೈವರ್ ಮೂರನ್ನೂ ಒಂದೇ ದಿನ ಬದಲಿಸುವುದು ಸಾಮಾನ್ಯ ತಪ್ಪು. ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ, ಮುಂದಿನ ತಿಂಗಳು ಮತ್ತೆ ಮೂರಕ್ಕೂ ದುಡ್ಡು.

ಎರಡನೆಯ ಕೆಲಸ, ತೊಂದರೆ ಪ್ರಿಂಟರ್‌ನದೋ ಹೊರಗಿನದೋ ಎಂದು ಬೇರ್ಪಡಿಸುವುದು. ಬಹುತೇಕ ಪ್ರಿಂಟರ್‌ಗಳಲ್ಲಿ ಕಂಪ್ಯೂಟರಿನ ನೆರವಿಲ್ಲದೆ ಪರೀಕ್ಷಾ ಪುಟ ತೆಗೆಯುವ ವ್ಯವಸ್ಥೆಯಿರುತ್ತದೆ. ಯಾವ ಗುಂಡಿಯನ್ನು ಎಷ್ಟು ಹೊತ್ತು ಒತ್ತಬೇಕೆಂದು ಕೈಪಿಡಿಯಲ್ಲಿ ಬರೆದಿರುತ್ತದೆ. ಸ್ಕ್ಯಾನರ್ ಕೂಡಿರುವ ಮಾದರಿಯಾದರೆ ಇನ್ನೂ ಸುಲಭ, ಒಂದು ಹಾಳೆ ಇಟ್ಟು ಕಾಪಿ ಗುಂಡಿ ಒತ್ತಿದರಾಯಿತು. ಕಂಪ್ಯೂಟರಿನಿಂದ ಬರದ ಹೊತ್ತಿನಲ್ಲೂ ಜೆರಾಕ್ಸ್ ಚೆನ್ನಾಗಿ ಬಂದರೆ ಇಂಕು, ರೋಲರ್, ಮೋಟಾರು ಎಲ್ಲವೂ ನಿರಪರಾಧಿಗಳು. ಆಗ ಪ್ರಿಂಟರನ್ನು ಹೊತ್ತುಕೊಂಡು ಎಸ್‌.ಪಿ. ರೋಡಿನ ರಿಪೇರಿ ಅಂಗಡಿಗೆ ಹೋಗುವುದು ದಂಡ. ಅಲ್ಲಿಯ ಮೇಜಿನ ಮೇಲೆ ಅದು ಸರಿಯಾಗಿಯೇ ನಡೆಯುತ್ತದೆ.

ಹೊರಗಿನ ದಾರಿಯಲ್ಲಿ ಮೊದಲು ಸಿಗುವುದು ಕೇಬಲ್ಲು. ಯುಎಸ್‌ಬಿ 2.0 ಕೇಬಲ್ಲಿಗೆ 5 ಮೀಟರು ಗರಿಷ್ಠ ಮಿತಿ. ಕೆಳಗಿನ ಅಂಗಡಿಯ ಪ್ರಿಂಟರನ್ನು ಮಹಡಿಯ ಕಂಪ್ಯೂಟರಿಗೆ ಜೋಡಿಸಲು ಎರಡು ಕೇಬಲ್ ಕೂಡಿಸಿ ಎಳೆದ ಕಡೆ, ಸಣ್ಣ ಬಿಲ್ಲು ಬಂದು ದೊಡ್ಡ ಚಿತ್ರ ಅರ್ಧಕ್ಕೆ ನಿಲ್ಲುವುದುಂಟು. ಪ್ರಿಂಟರ್ ಹಿಂದಿನ ಚೌಕ ತೂತಿನಲ್ಲಿ ಕೇಬಲ್ ಸಡಿಲವಾಗಿದ್ದರೆ, ಒಳಗಿನ ಭಾಗ ಅತ್ತಿತ್ತ ಸರಿಯುವಾಗಿನ ಅದುರಿಗೇ ಸಂಪರ್ಕ ಕ್ಷಣಕಾಲ ತಪ್ಪುತ್ತದೆ. ಕೀಬೋರ್ಡು, ಪೆನ್‌ಡ್ರೈವು ಎಲ್ಲ ಸಿಕ್ಕಿಸಿರುವ ಹಬ್ಬಿನಿಂದ ಪ್ರಿಂಟರನ್ನು ಬಿಡಿಸಿ, ಕಂಪ್ಯೂಟರಿನ ಹಿಂಭಾಗಕ್ಕೆ ನೇರವಾಗಿ ಜೋಡಿಸಿ ನೋಡಬೇಕು. ಲ್ಯಾಪ್‌ಟಾಪ್‌ಗಳಲ್ಲಿ ವಿದ್ಯುತ್ ಉಳಿಸಲೆಂದು ಬಳಕೆಯಿಲ್ಲದ ಯುಎಸ್‌ಬಿ ಕಿಂಡಿಯನ್ನು ಮಲಗಿಸುವ ಏರ್ಪಾಡು ಇರುತ್ತದೆ. ಅರ್ಧ ಗಂಟೆ ಬಿಟ್ಟು ಕಳಿಸಿದ ಮೊದಲ ಪುಟ ಮಾತ್ರ ಬರುವುದಿಲ್ಲ ಎನ್ನುವ ದೂರಿನ ಹಿಂದೆ ಇದೇ ಇರಬಹುದು. ಪವರ್ ಆಪ್ಷನ್ಸ್‌ನಲ್ಲಿ ಅದನ್ನು ನಿಲ್ಲಿಸಬಹುದು.

ಕೇಬಲನ್ನು ಬೇರೆ ಕಿಂಡಿಗೆ ಬದಲಿಸಿದಾಗ ಇನ್ನೊಂದು ಗೊಂದಲ ಹುಟ್ಟುತ್ತದೆ. ವಿಂಡೋಸ್ ಕೆಲವು ಸಲ ಅದೇ ಪ್ರಿಂಟರನ್ನು ಹೊಸ ಯಂತ್ರವೆಂದು ತಿಳಿದು, ಅದೇ ಹೆಸರಿನ ಮುಂದೆ ಕಾಪಿ 1 ಎಂದು ಸೇರಿಸಿ ಎರಡನೆಯ ಚಿಹ್ನೆ ಮಾಡಿಟ್ಟುಕೊಳ್ಳುತ್ತದೆ. ಹಳೆಯ ಹೆಸರಿಗೆ ಕಳಿಸಿದ ಕೆಲಸ ಖಾಲಿ ಕಿಂಡಿಯ ಮುಂದೆ ಕಾಯುತ್ತ ಕೂರುತ್ತದೆ, ಹೊಸ ಹೆಸರಿಗೆ ಕಳಿಸಿದ್ದು ಬರುತ್ತದೆ. ಮನೆಯಲ್ಲಿ ಒಬ್ಬರಿಗೆ ಪ್ರಿಂಟ್ ಬಂದು ಇನ್ನೊಬ್ಬರಿಗೆ ಬರದಿದ್ದರೆ ಜಗಳಕ್ಕೆ ಮೊದಲು ಕಂಪ್ಯೂಟರಿನ ಪ್ರಿಂಟರ್ ಪಟ್ಟಿಯನ್ನೊಮ್ಮೆ ನೋಡುವುದು ಒಳ್ಳೆಯದು.

ವಿದ್ಯುತ್ತಿನ ವಿಷಯದಲ್ಲಿ ಲೇಸರ್ ಪ್ರಿಂಟರ್‌ಗೆ ಒಂದು ವಿಶೇಷ ಎಚ್ಚರಿಕೆ ಬೇಕು. ಟೋನರ್ ಪುಡಿಯನ್ನು ಕಾಗದಕ್ಕೆ ಕರಗಿಸಿ ಅಂಟಿಸುವ ಫ್ಯೂಸರ್ ಸುಮಾರು 200 ಡಿಗ್ರಿ ಸೆಲ್ಸಿಯಸ್‌ಗೆ ಕಾಯಬೇಕು. ಕಾಯಲು ಆರಂಭಿಸಿದ ಕ್ಷಣದಲ್ಲಿ ಅದು ನೂರಾರು ವ್ಯಾಟ್ ಎಳೆಯುತ್ತದೆ. ಕಂಪ್ಯೂಟರಿನ ಸಣ್ಣ ಯುಪಿಎಸ್‌ಗೆ ಲೇಸರ್ ಪ್ರಿಂಟರನ್ನೂ ಜೋಡಿಸಿದರೆ ಪ್ರಿಂಟ್ ಕೊಟ್ಟ ಕೂಡಲೇ ಯುಪಿಎಸ್ ಕೂಗಿ ಎರಡೂ ಆರಿಹೋಗಬಹುದು. ಅದನ್ನು ಗೋಡೆಯ ಪ್ಲಗ್ಗಿಗೇ ಕೊಡಬೇಕು. ಹಳೆಯ ಮನೆಗಳ ವೈರಿಂಗಿನಲ್ಲಿ ಅರ್ಥಿಂಗ್ ಇಲ್ಲದ ಮೂರು ಪಿನ್ನಿನ ಪ್ಲಗ್ಗು ಅಪರೂಪವಲ್ಲ. ಕಂಪ್ಯೂಟರಿನ ಲೋಹದ ಪೆಟ್ಟಿಗೆ ಮುಟ್ಟಿದರೆ ಜುಮ್ಮೆನ್ನುವುದು ಅದರ ಗುರುತು. ಅಲ್ಲಿ ಮೊದಲು ಬೇಕಾದವನು ಎಲೆಕ್ಟ್ರಿಷಿಯನ್.

ಈಗ ವೈಫೈ. ಒಮ್ಮೆ ಬಂದು ಒಮ್ಮೆ ಬಾರದಿರುವ ತೊಂದರೆಗೆ ಇದರಷ್ಟು ಫಲವತ್ತಾದ ನೆಲ ಬೇರೆಯಿಲ್ಲ. ಮನೆಯ ಜಾಲಕ್ಕೆ ಸೇರಿದ ಪ್ರತಿ ಯಂತ್ರಕ್ಕೂ ರೂಟರ್ ಒಂದು ವಿಳಾಸ ಕೊಡುತ್ತದೆ, 192.168.1.5 ಎಂಬಂಥದ್ದು. ಅದು ಕಾಯಂ ವಿಳಾಸವಲ್ಲ, ಬಾಡಿಗೆಯದು. ಅನೇಕ ರೂಟರ್‌ಗಳಲ್ಲಿ ಅವಧಿ ಒಂದು ದಿನ. ಕರೆಂಟ್ ಹೋಗಿ ಬಂದಾಗ ಫೋನು, ಟಿವಿ, ಲ್ಯಾಪ್‌ಟಾಪು, ಪ್ರಿಂಟರ್ ಎಲ್ಲವೂ ಮತ್ತೆ ವಿಳಾಸ ಕೇಳುತ್ತವೆ, 5 ಇದ್ದ ಪ್ರಿಂಟರ್‌ಗೆ ಈ ಸಲ 8 ಸಿಗಬಹುದು. ಕಂಪ್ಯೂಟರ್ ಮಾತ್ರ ಹಳೆಯ ವಿಳಾಸಕ್ಕೇ ಕೆಲಸ ಕಳಿಸುತ್ತದೆ. ಆ ವಿಳಾಸದಲ್ಲಿ ಈಗ ಯಾರೋ ಫೋನ್ ಇಟ್ಟುಕೊಂಡು ಕೂತಿದ್ದಾರೆ. ಉತ್ತರವಿಲ್ಲ, ಪ್ರಿಂಟರ್ ಆಫ್‌ಲೈನ್ ಎಂಬ ಸೂಚನೆ ಬರುತ್ತದೆ. ಮರುದಿನ ಮತ್ತೆ ಕರೆಂಟ್ ಹೋಗಿ ಬಂದು ಹಳೆಯ ವಿಳಾಸವೇ ಸಿಕ್ಕಿದರೆ ಎಲ್ಲ ಸರಿ. ಮನೆಯವರು ಇದನ್ನು ಪ್ರಿಂಟರ್‌ನ ಮೂಡು ಎನ್ನುತ್ತಾರೆ.

ಪರೀಕ್ಷೆ ಹೀಗೆ. ಪ್ರಿಂಟರ್ ತನ್ನ ಸೆಟ್ಟಿಂಗಿನ ಪುಟ ತಾನೇ ಮುದ್ರಿಸಿ ಕೊಡುತ್ತದೆ, ಅದರಲ್ಲಿ ಈಗಿನ ವಿಳಾಸ ಇರುತ್ತದೆ. ಕಂಪ್ಯೂಟರಿನಲ್ಲಿ ಪ್ರಿಂಟರ್ ಪ್ರಾಪರ್ಟೀಸ್ ತೆರೆದು ಪೋರ್ಟ್ಸ್ ಎಂಬಲ್ಲಿ ನೋಡಿದರೆ ಅದು ಯಾವ ವಿಳಾಸಕ್ಕೆ ಕಳಿಸುತ್ತಿದೆಯೆಂದು ತಿಳಿಯುತ್ತದೆ. ಎರಡೂ ಒಂದೇ ಆಗಿರಬೇಕು. ಕಾಯಂ ಪರಿಹಾರ ಇರುವುದು ರೂಟರ್‌ನಲ್ಲಿ. ಅದರ ಸೆಟ್ಟಿಂಗಿಗೆ ಹೋಗಿ ಈ ಪ್ರಿಂಟರ್‌ಗೆ ಈ ವಿಳಾಸವೇ ಎಂದು ಕಾದಿರಿಸಬೇಕು, ಆಮೇಲೆ ಕಂಪ್ಯೂಟರಿನಲ್ಲಿ ಅದೇ ವಿಳಾಸಕ್ಕೆ ಸ್ಟ್ಯಾಂಡರ್ಡ್ ಟಿಸಿಪಿ/ಐಪಿ ಪೋರ್ಟ್ ಮಾಡಿಕೊಳ್ಳಬೇಕು. ವಿಂಡೋಸ್ ತಾನಾಗಿ ಪ್ರಿಂಟರ್ ಹುಡುಕಿ ಸೇರಿಸಿದಾಗ ಬಹಳ ಸಲ ಡಬ್ಲ್ಯುಎಸ್‌ಡಿ ಎಂಬ ಪೋರ್ಟ್ ಮಾಡುತ್ತದೆ. ಜಾಲದಲ್ಲಿ ಯಾರಿದ್ದಾರೆಂದು ಆಗಾಗ ಕೂಗಿ ಕೇಳುವ ಪದ್ಧತಿ ಅದು. ನಿದ್ದೆಹೋದ ಪ್ರಿಂಟರ್ ಆ ಕೂಗಿಗೆ ಓಗೊಡದಿದ್ದರೆ ಇಲ್ಲವೆಂದೇ ಲೆಕ್ಕವಾಗುತ್ತದೆ. ಟಿಸಿಪಿ/ಐಪಿ ಪೋರ್ಟಿನಲ್ಲೂ ಎಸ್‌ಎನ್‌ಎಂಪಿ ಸ್ಟೇಟಸ್ ಎಂಬ ಪೆಟ್ಟಿಗೆಗೆ ಗುರುತು ಬಿದ್ದಿದ್ದು ಪ್ರಿಂಟರ್ ಅದಕ್ಕೆ ಉತ್ತರಿಸದಿದ್ದರೆ, ಚೆನ್ನಾಗಿರುವ ಪ್ರಿಂಟರ್ ಆಫ್‌ಲೈನ್ ಎಂದು ಕಾಣುತ್ತದೆ. ಮನೆಯ ಬಳಕೆಯಲ್ಲಿ ಆ ಗುರುತು ತೆಗೆದುಹಾಕಿದರೆ ನಷ್ಟವಿಲ್ಲ.

ಹಳೆಯ ಪೇಟೆಯ ಮನೆಗಳ ಗೋಡೆಗಳೂ ಈ ಲೆಕ್ಕಕ್ಕೆ ಬರುತ್ತವೆ. ದಪ್ಪ ಕಲ್ಲು, ಇಟ್ಟಿಗೆಯ ಗೋಡೆಗಳ ಆಚೆ ವೈಫೈ ಸಪ್ಪಗಾಗುತ್ತದೆ. ಮನೆಯ ಪ್ರಿಂಟರ್‌ಗಳಲ್ಲಿ ಅನೇಕವು 2.4 ಗಿಗಾಹರ್ಟ್ಸ್ ತರಂಗವನ್ನಷ್ಟೇ ಹಿಡಿಯಬಲ್ಲವು. ಆ ಪಟ್ಟಿಯಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು ಮೂರೇ: 1, 6 ಮತ್ತು 11. ಒಂದು ಓಣಿಯ ಅಂಗಡಿ, ಮನೆ, ಲಾಡ್ಜುಗಳ ರೂಟರ್‌ಗಳೆಲ್ಲ ಈ ಮೂರರಲ್ಲೇ ನುಗ್ಗಾಡಬೇಕು. ಭಾನುವಾರ ಅಂಗಡಿ ಮುಚ್ಚಿದಾಗ ಪ್ರಿಂಟ್ ಸರಾಗವಾಗಿ ಬಂದು ಸೋಮವಾರ ಮಧ್ಯಾಹ್ನ ತಡವರಿಸುವುದಾದರೆ ಸಂಶಯ ಇಲ್ಲಿಗೇ ಹೋಗಬೇಕು. ಪ್ರಿಂಟರನ್ನು ರೂಟರ್ ಇರುವ ಕೋಣೆಗೇ ತಂದಿಟ್ಟರೆ ಅರ್ಧ ದೂರು ಅಲ್ಲಿಗೇ ಮುಗಿಯುತ್ತದೆ. ಕರೆಂಟ್ ಬಂದಾಗ ರೂಟರ್ ಪೂರ್ತಿ ಏಳುವ ಮೊದಲೇ ಪ್ರಿಂಟರ್ ಹುಡುಕಾಡಿ ಸುಮ್ಮನಾಗುವುದೂ ಉಂಟು. ಆಗ ರೂಟರ್ ಸಿದ್ಧವಾದ ಮೇಲೆ ಪ್ರಿಂಟರನ್ನು ಆರಿಸಿ ಮತ್ತೆ ಹಾಕಿದರೆ ಸಾಕು.

ದಾರಿ ಸರಿಯಿದ್ದೂ ಕೆಲಸ ಹೊರಡದಿದ್ದರೆ ಕಂಪ್ಯೂಟರಿನೊಳಗಿನ ಕ್ಯೂ ನೋಡಬೇಕು. ಪ್ರಿಂಟ್ ಒತ್ತಿದ ಕೂಡಲೇ ಪುಟ ನೇರವಾಗಿ ಪ್ರಿಂಟರ್‌ಗೆ ಹೋಗುವುದಿಲ್ಲ. ಸ್ಪೂಲರ್ ಎಂಬ ಸೇವೆ ಅದನ್ನು ಡಿಸ್ಕಿನಲ್ಲಿ ಬರೆದಿಟ್ಟು, ಸರದಿಯಲ್ಲಿ ಒಂದೊಂದಾಗಿ ಕಳಿಸುತ್ತದೆ. ಗಾಂಧಿಬಜಾರಿನ ವಿದ್ಯಾರ್ಥಿ ಭವನ ಹೋಟೆಲಿನ ಬಾಗಿಲಲ್ಲಿ ಹೆಸರು ಬರೆಸಿ ಕಾಯುವ ಕ್ರಮವೇ ಇದು. ಆದರೆ ಅಲ್ಲಿ ಕರೆದವರು ಇಲ್ಲದಿದ್ದರೆ ಮುಂದಿನ ಹೆಸರು ಕೂಗುತ್ತಾರೆ, ಸ್ಪೂಲರ್‌ಗೆ ಆ ವಿವೇಕವಿಲ್ಲ. ಮೊದಲ ಕೆಲಸ ಹಾಳಾಗಿ ಸಿಕ್ಕಿಕೊಂಡರೆ ಹಿಂದಿನದೆಲ್ಲ ನಿಂತೇ ಇರುತ್ತದೆ. ಪ್ರಿಂಟ್ ಬರಲಿಲ್ಲವೆಂದು ಮತ್ತೆ ಮತ್ತೆ ಗುಂಡಿ ಒತ್ತಿದವರ ಎಂಟು ಪ್ರತಿಗಳು ಅದೇ ಸಾಲಿಗೆ ಸೇರುತ್ತವೆ. ಯಾವಾಗಲೋ ತಡೆ ಬಿಟ್ಟಾಗ ಎಂಟೂ ಒಟ್ಟಿಗೆ ಸುರಿದು ಕಾಗದ ಖಾಲಿ.

ಸಿಕ್ಕಿಕೊಂಡ ಕೆಲಸವನ್ನು ಕ್ಯೂನಲ್ಲಿ ಅಳಿಸಲು ಹೋದರೆ ಡಿಲೀಟಿಂಗ್ ಎಂದು ತೋರಿಸುತ್ತಲೇ ಕೂರುವುದು ಸಾಮಾನ್ಯ. ಆಗ ಸ್ಪೂಲರನ್ನೇ ನಿಲ್ಲಿಸಿ ಒಳಗಿನ ಕಸ ತೆಗೆಯಬೇಕು. ಸರ್ವಿಸಸ್ ಪಟ್ಟಿ ತೆರೆದು ಪ್ರಿಂಟ್ ಸ್ಪೂಲರ್ ಹುಡುಕಿ ಸ್ಟಾಪ್ ಕೊಡಬೇಕು. ಆಮೇಲೆ ಸಿ ಡ್ರೈವಿನ ವಿಂಡೋಸ್ ಫೋಲ್ಡರಿನೊಳಗೆ ಸಿಸ್ಟಮ್32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರಿಗೆ ಹೋಗಬೇಕು. ಅಲ್ಲಿ ಪ್ರತಿ ಕೆಲಸಕ್ಕೂ ಎರಡೆರಡು ಕಡತಗಳಿರುತ್ತವೆ: ಎಸ್‌ಪಿಎಲ್ ಹೆಸರಿನದು ಪುಟದ ಸರಕು, ಎಸ್‌ಎಚ್‌ಡಿ ಹೆಸರಿನದು ಯಾರು ಯಾವ ಪ್ರಿಂಟರ್‌ಗೆ ಕಳಿಸಿದರೆಂಬ ವಿವರ. ಆ ಕಡತಗಳನ್ನು ಮಾತ್ರ ಅಳಿಸಬೇಕು, ಫೋಲ್ಡರನ್ನಲ್ಲ. ಮತ್ತೆ ಸ್ಪೂಲರ್ ಸ್ಟಾರ್ಟ್ ಮಾಡಿದರೆ ಸಾಲು ಖಾಲಿ. ಇಷ್ಟಾದರೂ ವಾರಕ್ಕೊಮ್ಮೆ ಇದೇ ಆಗುತ್ತಿದ್ದರೆ ಸಿಕ್ಕಿಕೊಳ್ಳುವ ಕಡತ ಯಾವುದೆಂದು ಚೀಟಿಯಲ್ಲಿ ನೋಡಬೇಕು. ಸಾಮಾನ್ಯವಾಗಿ ಅದೊಂದು ಭಾರಿ ಪಿಡಿಎಫ್ ಆಗಿರುತ್ತದೆ, ಇಲ್ಲವೇ ಡ್ರೈವರ್ ಹಾಳಾಗಿರುತ್ತದೆ.

ವಿಂಡೋಸ್‌ನ ಇನ್ನೊಂದು ಉಪಕಾರ 2015ರ ನವೆಂಬರಿನಲ್ಲಿ ಬಂದ ವಿಂಡೋಸ್ 10ರ ಆವೃತ್ತಿಯಿಂದ ಜೊತೆಗಿದೆ. ಡೀಫಾಲ್ಟ್ ಪ್ರಿಂಟರ್ ಯಾವುದೆಂದು ತಾನೇ ನಿರ್ಧರಿಸುವುದಾಗಿ ಅದು ಹೇಳುತ್ತದೆ. ಕೊನೆಗೆ ಬಳಸಿದ್ದು ಯಾವುದೋ ಅದೇ ಮುಂದಿನ ಸಲಕ್ಕೆ ಡೀಫಾಲ್ಟ್. ನಿನ್ನೆ ಯಾರೋ ರಸೀದಿಯನ್ನು ಪಿಡಿಎಫ್ ಆಗಿ ಉಳಿಸಿದ್ದರೆ ಇವತ್ತು ಬಿಲ್ಲಿನ ಪ್ರಿಂಟ್ ಪ್ರಿಂಟರ್‌ಗೆ ಹೋಗದೆ ಪಿಡಿಎಫ್ ಆಗುತ್ತದೆ. ಸೆಟ್ಟಿಂಗ್ಸ್‌ನಲ್ಲಿ ಆ ಅಧಿಕಾರವನ್ನು ವಿಂಡೋಸ್‌ನಿಂದ ಹಿಂತೆಗೆದುಕೊಂಡು, ಬೇಕಾದ ಪ್ರಿಂಟರನ್ನೇ ಡೀಫಾಲ್ಟ್ ಮಾಡುವುದು ಎರಡು ನಿಮಿಷದ ಕೆಲಸ.

ಅಪ್‌ಡೇಟ್‌ಗಳ ವಿಷಯದಲ್ಲಿ ಬಳಸುವವರ ಗೊಣಗಾಟಕ್ಕೆ ಆಧಾರವಿದೆ. 2021ರ ಮಾರ್ಚಿನ ವಿಂಡೋಸ್ ಅಪ್‌ಡೇಟ್ ಹಾಕಿಕೊಂಡ ಕೆಲವು ಕಂಪ್ಯೂಟರ್‌ಗಳು ಪ್ರಿಂಟ್ ಕೊಟ್ಟ ಕೂಡಲೇ ನೀಲಿ ಪರದೆ ತೋರಿಸಿ ಸತ್ತವು. ಅದೇ ವರ್ಷ ಜುಲೈಯಲ್ಲಿ ಸ್ಪೂಲರ್ ಮೂಲಕ ಹೊರಗಿನವರು ಕಂಪ್ಯೂಟರ್ ವಶಪಡಿಸಿಕೊಳ್ಳಬಹುದೆಂಬ ದೊಡ್ಡ ಲೋಪ ಬಯಲಾಯಿತು, ಮೈಕ್ರೋಸಾಫ್ಟ್ ತುರ್ತಾಗಿ ತೇಪೆ ಹಾಕಿತು. ಪ್ರಿಂಟ್‌ನೈಟ್‌ಮೇರ್ ಎಂಬ ಅಡ್ಡಹೆಸರು ಬಂದದ್ದು ಆ ಲೋಪಕ್ಕೇ. 2025ರ ಜನವರಿ ಕೊನೆಯಲ್ಲಿ ಬಂದ ಇನ್ನೊಂದು ಅಪ್‌ಡೇಟಿನ ಬಳಿಕ ಕೆಲವು ಯುಎಸ್‌ಬಿ ಪ್ರಿಂಟರ್‌ಗಳು ಯಾರೂ ಕೇಳದೆ ತಾವಾಗಿ ಅರ್ಥವಿಲ್ಲದ ಅಕ್ಷರಗಳ ಹಾಳೆ ಉಗುಳತೊಡಗಿದವು. ಎರಡು ಬೇರೆ ಬೇರೆ ಪದ್ಧತಿಗಳಲ್ಲಿ ಮಾತಾಡಬಲ್ಲ ಪ್ರಿಂಟರ್‌ಗಳಿಗೆ ಕಂಪ್ಯೂಟರ್ ಒಳಗೊಳಗೇ ಕಳಿಸುವ ಸಂದೇಶ ಕಾಗದದ ಮೇಲೆ ಅಚ್ಚಾಗುತ್ತಿತ್ತು, ಅಷ್ಟೇ. ಆಮೇಲೆ ಬಂದ ಒಂದು ಅಪ್‌ಡೇಟಿನಲ್ಲಿ ಸರಿಪಡಿಸಿದರು. ಹಾಗೆಂದು ಅಪ್‌ಡೇಟನ್ನೇ ಶಾಶ್ವತವಾಗಿ ನಿಲ್ಲಿಸುವುದು ಬುದ್ಧಿವಂತಿಕೆಯಲ್ಲ. ತೊಂದರೆ ಆರಂಭವಾದ ದಿನಕ್ಕೂ ಅಪ್‌ಡೇಟ್ ಹಿಸ್ಟರಿಯ ತಾರೀಖಿಗೂ ತಾಳೆ ಬಿದ್ದರೆ ಆ ಒಂದನ್ನು ತೆಗೆದು ನೋಡಬಹುದು, ಇಲ್ಲವೇ ಪ್ರಿಂಟರ್ ಕಂಪನಿಯ ಜಾಲತಾಣದಿಂದ ಹೊಸ ಡ್ರೈವರ್ ಹಾಕಬಹುದು. ಹಾಕುವ ಮೊದಲು ಹಳೆಯದನ್ನು ಪೂರ್ತಿ ತೆಗೆಯಬೇಕು. ಹಳೆಯದರ ಮೇಲೆ ಹೊಸದು ಹಾಕಿದರೆ ಹಳೆಯ ರೋಗ ಉಳಿದುಕೊಳ್ಳುವುದುಂಟು.

ಇನ್ನು ಕಾಗದ. ಜೆರಾಕ್ಸ್ ಗುಂಡಿ ಒತ್ತಿದಾಗಲೂ ಒಮ್ಮೊಮ್ಮೆ ತಪ್ಪುವ ಪ್ರಿಂಟರ್‌ನಲ್ಲಿ ಮೊದಲ ಸಂಶಯ ಇದರ ಮೇಲೆ. 75 ಜಿಎಸ್‌ಎಂ ಹಾಳೆಯ 500ರ ಕಟ್ಟನ್ನು ಒಡೆದು ತಿಂಗಳುಗಟ್ಟಲೆ ಟ್ರೇಯಲ್ಲೇ ಬಿಟ್ಟರೆ ಮಳೆಗಾಲದ ತಂಪು ಹೀರಿ ಹಾಳೆ ಮೆತ್ತಗಾಗುತ್ತದೆ, ಅಂಚು ಬಾಗುತ್ತದೆ, ಒಂದಕ್ಕೊಂದು ಅಂಟಿ ಎರಡು ಮೂರು ಒಟ್ಟಿಗೆ ಒಳಹೋಗುತ್ತವೆ. ಕಟ್ಟಿನ ಮೇಲುಹೊದಿಕೆಗೆ ಒಳಗಡೆ ತೇವ ತಡೆಯುವ ಲೇಪ ಇರುವುದು ಸುಮ್ಮನಲ್ಲ. ಬಳಸುವಷ್ಟು ಹಾಳೆ ಮಾತ್ರ ತೆಗೆದು ಉಳಿದದ್ದನ್ನು ಅದರಲ್ಲೇ ಮಡಿಸಿಡಬೇಕು. ಸುಲ್ತಾನ್‌ಪೇಟೆಯ ಕಾಗದದಂಗಡಿಯವರು ಇದನ್ನು ಹೇಳಿಸಿಕೊಳ್ಳಬೇಕಾಗಿಲ್ಲ. ಟ್ರೇಗೆ ಹಾಕುವ ಮೊದಲು ಹಾಳೆಗಳ ಅಂಚನ್ನು ಬೀಸಣಿಗೆಯಂತೆ ಬಿಡಿಸಿ ಗಾಳಿಯಾಡಿಸುವ ಪ್ರೆಸ್ಸಿನವರ ಅಭ್ಯಾಸ ಮನೆಯಲ್ಲೂ ನಡೆಯಬೇಕು.

ಕಾಗದ ಎಳೆಯುವ ರಬ್ಬರ್ ರೋಲರ್ ಧೂಳು ಕೂಡಿ ನುಣುಪಾದಾಗ ಹಿಡಿತ ತಪ್ಪುತ್ತದೆ. ಟ್ರೇ ತುಂಬ ಹಾಳೆಯಿದ್ದರೆ ಎಳೆಯುತ್ತದೆ, ನಾಲ್ಕೇ ಇದ್ದರೆ ಎಳೆಯುವುದಿಲ್ಲ, ಅಥವಾ ಇದರ ತಿರುಗುಮುರುಗು. ನೀರಿನಲ್ಲಿ ತುಸು ಒದ್ದೆ ಮಾಡಿ ಹಿಂಡಿದ, ಎಳೆ ಬಿಡದ ಬಟ್ಟೆಯಿಂದ ರೋಲರನ್ನು ತಿರುಗಿಸುತ್ತ ಒರೆಸಿದರೆ ಎಷ್ಟೋ ಸಲ ಹೊಸದರಂತಾಗುತ್ತದೆ. ಆಯುಧಪೂಜೆಯ ಮರುದಿನ ಮೇಲುಬಾಯಿಯ ಟ್ರೇಯೊಳಗೆ ಟಾರ್ಚ್ ಬಿಟ್ಟು ನೋಡುವುದು ಒಳ್ಳೆಯದು. ಕಂಪ್ಯೂಟರಿಗೂ ಪ್ರಿಂಟರ್‌ಗೂ ಅರಿಶಿನ, ಕುಂಕುಮ ಹಚ್ಚಿ ಸೇವಂತಿಗೆ ಏರಿಸುವ ಮನೆಗಳಲ್ಲಿ ಒಂದು ಎಸಳೋ ನಾಲ್ಕು ಕಾಳು ಅಕ್ಷತೆಯೋ ಒಳಗೆ ಬಿದ್ದಿರುತ್ತದೆ. ಕಾಗದದ ಇರವನ್ನು ಪ್ರಿಂಟರ್‌ಗೆ ತಿಳಿಸುವ ಪುಟ್ಟ ಪ್ಲಾಸ್ಟಿಕ್ ಸನ್ನೆಯ ಬುಡಕ್ಕೆ ಅಕ್ಕಿಕಾಳು ಸಿಕ್ಕಿತೆಂದರೆ, ಸನ್ನೆ ಪೂರ್ತಿ ಬಾಗಿದಾಗ ಕಾಗದ ಇದೆ, ಅರ್ಧಕ್ಕೆ ನಿಂತಾಗ ಕಾಗದ ಇಲ್ಲ. ಕಾಳು ಉರುಳಾಡಿದಂತೆ ತೀರ್ಪು ಬದಲಾಗುತ್ತದೆ. ಪ್ರಿಂಟರನ್ನು ಆರಿಸಿ, ಚಿಮಟಿಗೆಯಿಂದ ಕಾಳನ್ನು ತೆಗೆದರೆ ಮುಗಿಯಿತು.

ಹಾಳೆಯ ಅಳತೆಯೂ ಒಂದು ಮೌನ ಕಾರಣ. ಎ4 ಎಂದರೆ 210 ಮತ್ತು 297 ಮಿಲಿಮೀಟರು. ಅಮೆರಿಕದ ಲೆಟರ್ ಅಳತೆ ಎಂಟೂವರೆ ಮತ್ತು ಹನ್ನೊಂದು ಇಂಚು. ಬೇರೆ ಕಡೆಯಿಂದ ಬಂದ ಕಡತದಲ್ಲಿ ಲೆಟರ್ ಎಂದಿದ್ದರೆ ಎ4 ತುಂಬಿದ ಪ್ರಿಂಟರ್ ದೀಪ ಮಿನುಗಿಸುತ್ತ, ಆ ಕಾಗದ ಹಾಕುವವರೆಗೂ ಕಾಯುತ್ತದೆ. ಕರಾರುಪತ್ರದ ಲೀಗಲ್ ಹಾಳೆಗೂ ಇದೇ ಮಾತು. ಲಗ್ನಪತ್ರಿಕೆಯ ದಪ್ಪ ಕಾರ್ಡು ಮನೆಯ ಪ್ರಿಂಟರ್‌ನ ಕೆಲಸವೇ ಅಲ್ಲ. ಬಹುಪಾಲು ಮಾದರಿಗಳು 300 ಜಿಎಸ್‌ಎಂ ಕಾರ್ಡನ್ನು ಎಳೆಯಲಾರವು, ಮಿರುಗುವ ಲೇಪದ ಮೇಲೆ ಇಂಕ್‌ಜೆಟ್ಟಿನ ಇಂಕು ಒಣಗದೆ ಒರೆಸಿಹೋಗುತ್ತದೆ. ಪ್ರೂಫನ್ನು ತೆಳುಹಾಳೆಯಲ್ಲಿ ತೆಗೆದು, ಕಾರ್ಡನ್ನು ಪ್ರೆಸ್ಸಿಗೆ ಬಿಡುವುದೇ ಲೇಸು.

ಇಂಕಿನ ತೊಂದರೆಗೂ ಪಂಚಾಂಗಕ್ಕೂ ಇಲ್ಲಿ ನಂಟಿದೆ. ಆಷಾಢದಲ್ಲಿ ಮದುವೆಯಿಲ್ಲ, ಹಾಗಾಗಿ ಲಗ್ನಪತ್ರಿಕೆಯ ಪ್ರೂಫೂ ಇಲ್ಲ. ತಿಂಗಳು ಪೂರ್ತಿ ಸುಮ್ಮನಿದ್ದ ಇಂಕ್‌ಜೆಟ್ ಪ್ರಿಂಟರ್‌ನ ಕೂದಲಿಗಿಂತ ಸಣ್ಣ ರಂಧ್ರಗಳಲ್ಲಿ ಇಂಕು ಒಣಗಿ ಗಟ್ಟಿಯಾಗುತ್ತದೆ. ಶ್ರಾವಣ ಬಂದು ಮೊದಲ ಪ್ರೂಫ್ ತೆಗೆದಾಗ ಕೆಂಪು ಬಾರದೆ ಗಣಪತಿ ಹಸಿರಾಗಿರುತ್ತಾನೆ. ಮೂರು ಪುಟ ತೆಗೆದ ಮೇಲೆ ಬಣ್ಣ ಬರುತ್ತದೆ, ನಾಲ್ಕನೆಯದರಲ್ಲಿ ಮತ್ತೆ ಗೆರೆ ಗೆರೆ. ನಾಝಲ್ ಚೆಕ್ ಎಂಬ ಮಾದರಿ ಪುಟದಲ್ಲಿ ಯಾವ ಬಣ್ಣದ ಗೆರೆ ಮುರಿದಿದೆ ಎಂದು ನೋಡಿ, ಹೆಡ್ ಕ್ಲೀನಿಂಗ್ ಒಂದೆರಡು ಸಲ ಮಾಡಬೇಕು. ಸತತವಾಗಿ ಮಾಡುತ್ತ ಹೋಗುವುದು ನಷ್ಟ. ಪ್ರತಿ ಸಲವೂ ಇಂಕು ಹೀರಿ ತಳದ ಹತ್ತಿಯಂಥ ಪ್ಯಾಡಿಗೆ ಸುರಿಯುತ್ತದೆ, ಪ್ಯಾಡ್ ತುಂಬಿತೆಂದು ಪ್ರಿಂಟರ್ ಲೆಕ್ಕ ಹಾಕಿದ ದಿನ ತಾನೇ ಮುಷ್ಕರ ಹೂಡುತ್ತದೆ. ಎರಡು ಸಲ ಮಾಡಿ ಒಂದು ರಾತ್ರಿ ಬಿಟ್ಟರೆ ಗಟ್ಟಿಯಾದ ಇಂಕು ಅಷ್ಟರಲ್ಲಿ ನೆನೆದಿರುತ್ತದೆ. ಆಷಾಢದಲ್ಲೂ ವಾರಕ್ಕೊಂದು ಬಣ್ಣದ ಪುಟ ತೆಗೆಯುತ್ತಿದ್ದರೆ ಈ ಗೋಳಿಲ್ಲ. ಲೇಸರ್‌ಗೆ ಈ ಕಾಟ ಇಲ್ಲ. ಅಲ್ಲಿ ಪುಟದ ಒಂದು ಬದಿ ಮಾಸಿದರೆ ಕಾರ್ಟ್ರಿಡ್ಜನ್ನು ಮೆಲ್ಲಗೆ ಅಲ್ಲಾಡಿಸಿ ಟೋನರನ್ನು ಸಮನಾಗಿ ಹರಡುತ್ತಾರೆ. ರೀಫಿಲ್ ಮಾಡಿಸಿದ ಕಾರ್ಟ್ರಿಡ್ಜನ್ನು ಪ್ರಿಂಟರ್ ಒಮ್ಮೆ ಗುರುತಿಸಿ ಒಮ್ಮೆ ಗುರುತಿಸದಿದ್ದರೆ ಅದರ ಚಿಪ್ಪಿನ ಲೋಹದ ಬಿಂದುಗಳನ್ನು ಒಣಬಟ್ಟೆಯಿಂದ ಒರೆಸಿ ನೋಡಬೇಕು.

ಕೊನೆಯ ಬಗೆಯ ತೊಂದರೆ ಕನ್ನಡದ್ದೇ. ಇಂಗ್ಲಿಷ್ ಬಿಲ್ಲು ಸರಿಯಾಗಿ ಬರುತ್ತದೆ, ಕನ್ನಡ ಪತ್ರ ಒಮ್ಮೆ ಬರುತ್ತದೆ, ಒಮ್ಮೆ ಒತ್ತಕ್ಷರ ಬೇರೆಯಾಗಿ, ಚೌಕಗಳಾಗಿ, ಇಲ್ಲವೇ ಗುರುತೇ ಸಿಗದ ರೋಮನ್ ಅಕ್ಷರಗಳಾಗಿ ಬೀಳುತ್ತದೆ. 1998ರಲ್ಲಿ ಬಂದ ಶೇಷಾದ್ರಿವಾಸು ಅವರ ಬರಹ, ಆಮೇಲೆ ಬಂದ ಕನ್ನಡ ಗಣಕ ಪರಿಷತ್ತಿನ ನುಡಿ ಮುಂತಾದ ತಂತ್ರಾಂಶಗಳ ಹಳೆಯ ಫಾಂಟ್‌ಗಳು ರೋಮನ್ ಅಕ್ಷರಗಳ ಸ್ಥಾನದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದಂಥವು. ನುಡಿಯಲ್ಲಿ ಬೆರಳಚ್ಚಾದ ಕ ಅಕ್ಷರ ಕಂಪ್ಯೂಟರಿಗೆ ನಿಜವಾಗಿ ಇಂಗ್ಲಿಷಿನ ದೊಡ್ಡ ಪಿ, ಅದರ ತಲೆಕಟ್ಟು ಮೇಲೆ ಗೀಟಿರುವ ಎ. ಫಾಂಟ್ ಇರುವ ಕಂಪ್ಯೂಟರಿನಲ್ಲಿ ಅದು ಕನ್ನಡವಾಗಿ ಕಾಣುತ್ತದೆ, ಇಲ್ಲದ ಕಡೆ ವೇಷ ಕಳಚುತ್ತದೆ. ಯುನಿಕೋಡ್‌ನಲ್ಲಿ ಕನ್ನಡಕ್ಕೆ ಅದರದೇ ಸ್ಥಾನವಿರುವುದರಿಂದ ಈ ವೇಷವಿಲ್ಲ, ಆದರೆ ಒತ್ತಕ್ಷರಗಳನ್ನು ಜೋಡಿಸುವ ಹೊಣೆ ಪುಟ ತೋರಿಸುವ ಪ್ರೋಗ್ರಾಮಿನದು. ಕೆಲವು ಹಳೆಯ ವಿನ್ಯಾಸ ತಂತ್ರಾಂಶಗಳು ಅದನ್ನು ಅರಿಯವು.

ಅದೇ ಪತ್ರ ವರ್ಡ್‌ನಿಂದ ಸರಿಯಾಗಿ ಬಂದು ಪಿಡಿಎಫ್ ಮಾಡಿದಾಗ ಕೆಟ್ಟರೆ ಫಾಂಟ್ ಪಿಡಿಎಫ್‌ನೊಳಗೆ ಸೇರಿಲ್ಲ ಎಂದು ತಿಳಿಯಬೇಕು. ಪಿಡಿಎಫ್‌ನ ಪ್ರಾಪರ್ಟೀಸ್ ತೆರೆದು ಫಾಂಟ್ಸ್ ಪಟ್ಟಿಯಲ್ಲಿ ಪ್ರತಿ ಹೆಸರಿನ ಮುಂದೆ ಎಂಬೆಡೆಡ್ ಎಂದು ಇದೆಯೇ ನೋಡಬಹುದು. ಪರದೆಯ ಮೇಲೆ ಚೆನ್ನಾಗಿದ್ದು ಕಾಗದದಲ್ಲಿ ಮಾತ್ರ ಕೆಡುವುದಾದರೆ ಅಪರಾಧಿ ಪ್ರಿಂಟರ್ ಡ್ರೈವರ್: ಕಳಿಸಿದ ಫಾಂಟಿನ ಬದಲು ತನ್ನಲ್ಲಿರುವುದನ್ನು ಹಾಕಿರುತ್ತದೆ. ಅಡೋಬಿ ರೀಡರ್‌ನ ಪ್ರಿಂಟ್ ಪೆಟ್ಟಿಗೆಯಲ್ಲಿ ಅಡ್ವಾನ್ಸ್ಡ್ ಒತ್ತಿ ಪ್ರಿಂಟ್ ಆ್ಯಸ್ ಇಮೇಜ್‌ಗೆ ಗುರುತು ಹಾಕಿದರೆ ಇಡೀ ಪುಟ ಒಂದು ಚಿತ್ರವಾಗಿ ಹೋಗುತ್ತದೆ, ಡ್ರೈವರ್‌ಗೆ ಅಕ್ಷರ ಬದಲಿಸಲು ಅವಕಾಶವೇ ಇರುವುದಿಲ್ಲ. ತುಸು ನಿಧಾನ, ಅಂಚು ತುಸು ಮೊಂಡು, ಆದರೆ ಕನ್ನಡ ಕನ್ನಡವಾಗಿಯೇ ಬರುತ್ತದೆ. ಮನೆಯಲ್ಲಿ ವಿನ್ಯಾಸ ಮಾಡಿದ ಪತ್ರಿಕೆಯನ್ನು ಸುಲ್ತಾನ್‌ಪೇಟೆಯ ಪ್ರೆಸ್ಸಿಗೆ ಒಯ್ದಾಗ ಅಲ್ಲಿಯ ಡಿಟಿಪಿಯವರು ಮೊದಲು ಕೇಳುವುದೂ ಇದನ್ನೇ, ಕರ್ವ್ ಮಾಡಿದ್ದೀರಾ ಎಂದು. ಕೋರಲ್‌ಡ್ರಾನಲ್ಲಿ ಅಕ್ಷರಗಳನ್ನು ಆರಿಸಿ ಕನ್ವರ್ಟ್ ಟು ಕರ್ವ್ಸ್ ಕೊಟ್ಟರೆ ಅವು ಫಾಂಟಿನ ಹಂಗು ಬಿಟ್ಟು ಬರೀ ರೇಖಾಚಿತ್ರಗಳಾಗುತ್ತವೆ. ಆಮೇಲೆ ಹೆಸರಿನ ಕಾಗುಣಿತ ತಿದ್ದಲು ಬರುವುದಿಲ್ಲವಾದ್ದರಿಂದ, ಕರ್ವ್ ಮಾಡದ ಪ್ರತಿಯೊಂದನ್ನು ಬೇರೆ ಹೆಸರಿನಲ್ಲಿ ಉಳಿಸಿಟ್ಟಿರಬೇಕು.